ಆರು ಕಪ್ ಗೆದ್ದ ಹಿಲ್‌ಮನ್, ಒಂದೂ ಗೆಲ್ಲದ ಡಿಯಾನ್: ಐಸ್ ಹಾಕಿಯಲ್ಲಿ ಸಾಧಾರಣ ಆಟಗಾರರು ಇಷ್ಟೊಂದು ಗೆಲ್ಲೋದು ಹೆಂಗೆ?

ಐಸ್ ಹಾಕಿ ಫ್ಯಾನ್‌ಗಳ ಮಧ್ಯೆ ಯಾವ ಜಗಳ ಶುರುವಾದ್ರೂ ಕೊನೆಗೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ, "ನಿಮ್ಮೋನು ಎಷ್ಟು ಕಪ್ ಗೆದ್ದಿದಾನೆ ಹೇಳು?" ಈ ಲೆಕ್ಕ ಹಿಡ್ಕೊಂಡು ಹೊರಟ್ರೆ ಲ್ಯಾರಿ ಹಿಲ್‌ಮನ್ ಅನ್ನೋ ಡಿಫೆನ್ಸ್‌ಮನ್ನು ಮಾರ್ಸೆಲ್ ಡಿಯಾನ್‌ಗಿಂತ ದೊಡ್ಡ ಆಟಗಾರ ಅಂತ ಒಪ್ಕೋಬೇಕಾಗತ್ತೆ. ಡಿಯಾನ್ 731 ಗೋಲು, 1,771 ಪಾಯಿಂಟ್ಸ್ (ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ), ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಇತಿಹಾಸದ ಅತಿ ದೊಡ್ಡ ಸ್ಕೋರರ್‌ಗಳಲ್ಲಿ ಒಬ್ಬ, 1971ರಿಂದ 1989ರವರೆಗೆ ಆಡಿ ಒಂದು ಸಲನೂ ಫೈನಲ್ ಮುಖ ನೋಡ್ಲಿಲ್ಲ. ಹಿಲ್‌ಮನ್ ಎಂಟು ಎನ್‌ಎಚ್‌ಎಲ್ ಟೀಮ್ ಸುತ್ತಿದೋನು, ಎಲ್ಲೂ ಸ್ಟಾರ್ ಅನ್ನಿಸ್ಕೊಂಡೋನಲ್ಲ, ಅವನ ಹೆಸರಲ್ಲಿ ಆ ಲೀಗ್‌ನ ಚಾಂಪಿಯನ್‌ಗೆ ಕೊಡೋ ಸ್ಟ್ಯಾನ್ಲಿ ಕಪ್ ಆರು ಇದೆ.

ಇದು ಬರೀ ಅದೃಷ್ಟ ಅಂತ ಒಂದು ಗುಂಪು, ಇಲ್ಲ ಇಂಥೋರಿಗೆ ಗೆಲ್ಲೋದು ಹೆಂಗೆ ಅಂತ ಗೊತ್ತಿರತ್ತೆ ಅಂತ ಇನ್ನೊಂದು ಗುಂಪು. ನನಗೆ ಎರಡೂ ಅರ್ಧ ಸತ್ಯ ಅನ್ಸತ್ತೆ. ಯಾವ ಕಾಲದಲ್ಲಿ ಗೆದ್ದ, ಎಷ್ಟು ಸಂಬಳಕ್ಕೆ ಆಡ್ತಿದ್ದ ಅನ್ನೋದು ನೋಡದೆ ಕಪ್ ಎಣಿಸಿದ್ರೆ ಏನೂ ಗೊತ್ತಾಗಲ್ಲ, ಅಷ್ಟೇ.

ಮೊದಲು "ಸಾಧಾರಣ" ಅಂದ್ರೆ ಯಾರು ಅಂತ ನೋಡೋಣ. ಒಂದು ಪಂದ್ಯಕ್ಕೆ ಒಂದು ಟೀಮ್‌ನಿಂದ 20 ಜನ ಡ್ರೆಸ್ ಆಗ್ತಾರೆ, 12 ಫಾರ್ವರ್ಡ್, 6 ಡಿಫೆನ್ಸ್, ಇಬ್ಬರು ಗೋಲ್‌ಕೀಪರ್. 32 ಟೀಮ್ ಅಂದ್ರೆ 640 ಜನ, ಇಡೀ ಪ್ರಪಂಚದಲ್ಲಿ ಹಾಕಿ ಸ್ಟಿಕ್ ಹಿಡಿದೋರಲ್ಲಿ ಆ 640ರೊಳಗೆ ಸೇರೋದೇ ದೊಡ್ಡ ಸಾಧನೆ, ಹಾಗಾಗಿ ಇಲ್ಲಿ ಸಾಧಾರಣ ಅನ್ನೋದು ಆ 640ರ ಒಳಗಿನ ಮಾತು. ಫಾರ್ವರ್ಡ್‌ಗಳು ಮೂರ್ಮೂರು ಜನರ ನಾಲ್ಕು ಲೈನ್ ಆಗಿ ಇಳಿತಾರೆ, ಒಂದು ಶಿಫ್ಟ್ ಅಂದ್ರೆ ಮುಕ್ಕಾಲು ನಿಮಿಷ, ಅಷ್ಟರಲ್ಲಿ ಉಸಿರು ಖಾಲಿಯಾಗಿ ಬೆಂಚಿಗೆ ವಾಪಸ್. ಫಸ್ಟ್ ಲೈನ್ ಸ್ಟಾರ್‌ಗೆ 20-22 ನಿಮಿಷ ಸಿಗತ್ತೆ, ಫೋರ್ತ್ ಲೈನ್‌ನೋನಿಗೆ ಎಂಟು-ಹತ್ತು ನಿಮಿಷ. ಅಂದ್ರೆ ಎಂಥಾ ಸೂಪರ್‌ಸ್ಟಾರ್ ಇದ್ರೂ 60 ನಿಮಿಷದಲ್ಲಿ ಸುಮಾರು 38 ನಿಮಿಷ ಅವನು ಬೆಂಚಲ್ಲಿ ಕೂತು ನೀರು ಕುಡೀತಿರ್ತಾನೆ. ಆ ಹೊತ್ತಲ್ಲಿ ಟೀಮ್ ಮುಳುಗದ ಹಾಗೆ ನೋಡ್ಕೊಳೋದು ಈ ಸಾಧಾರಣ ಜನರ ಕೆಲಸ. ಡಿಯಾನ್ ಕಥೆ ಅರ್ಧ ಇಲ್ಲೇ ಇದೆ, ಅವನು ಬೆಂಚಿಗೆ ಹೋದಾಗ ಅವನ ಲಾಸ್ ಏಂಜಲೀಸ್ ಕಿಂಗ್ಸ್‌ನಲ್ಲಿ ಮಿಕ್ಕ ಹೊತ್ತು ತುಂಬೋ ಜನ ಸಾಲ್ತಿರಲಿಲ್ಲ.

ಈಗ ಕಾಲದ ವಿಷಯ. 1942ರಿಂದ 1967ರವರೆಗೆ ಲೀಗ್‌ನಲ್ಲಿ ಇದ್ದಿದ್ದು ಆರೇ ಟೀಮ್. ಅದ್ರಲ್ಲಿ ನಾಲ್ಕು ಪ್ಲೇಆಫ್‌ಗೆ, ಎರಡು ಸೀರೀಸ್ (ಏಳರಲ್ಲಿ ಮೊದಲು ನಾಲ್ಕು ಪಂದ್ಯ ಗೆದ್ದೋರಿಗೆ ಒಂದು ಸೀರೀಸ್) ಗೆದ್ರೆ ಕಪ್, ಎಂಟು ಪಂದ್ಯ ಗೆದ್ರೆ ಮುಗೀತು. ಈಗ ನಾಲ್ಕು ಸೀರೀಸ್, 16 ಗೆಲುವು. ಚೀಟಿ ಎತ್ತಿ ಕಪ್ ಕೊಟ್ರೂ ಆಗ 15 ವರ್ಷ ಆಡಿದೋನಿಗೆ ಎರಡೂವರೆ ಕಪ್ ಬರ್ತಿತ್ತು, ಈಗ ಅರ್ಧ ಕಪ್ಪೂ ಬರಲ್ಲ. ಅದೂ ಚೀಟಿ ಎತ್ತಿದ್ರೆ! ನಿಜದಲ್ಲಿ ಆ ಆರರಲ್ಲೂ ಭಾರಿ ಮೇಲು-ಕೀಳು. ಆ 25 ಸೀಸನ್‌ನಲ್ಲಿ ಮಾಂಟ್ರಿಯಲ್ 10, ಟೊರಾಂಟೊ 9, ಡೆಟ್ರಾಯ್ಟ್ 5, ಶಿಕಾಗೊ 1961ರಲ್ಲಿ ಒಂದೇ ಒಂದು. ಬಾಸ್ಟನ್‌ಗೂ ನ್ಯೂಯಾರ್ಕ್‌ಗೂ ಸೊನ್ನೆ. ಆಟಗಾರನಿಗೆ ಟೀಮ್ ಬಿಟ್ಟು ಹೋಗೋ ಸ್ವಾತಂತ್ರ್ಯನೂ ಇರಲಿಲ್ಲ, ಹುಡುಗನಾಗಿದ್ದಾಗ ಯಾರು ಸಹಿ ಹಾಕಿಸ್ಕೊಂಡ್ರೋ ಅವರ ಸ್ವತ್ತು, ಅವರಾಗೇ ಮಾರಿದ್ರೆ ಮಾತ್ರ ಬಿಡುಗಡೆ. ಹದಿನಾರನೇ ವಯಸ್ಸಿಗೆ ಮಾಂಟ್ರಿಯಲ್‌ನೋರ ಕಣ್ಣಿಗೆ ಬಿದ್ರೆ ಕೈತುಂಬ ಉಂಗುರ (ಕಪ್ ಗೆದ್ದ ಆಟಗಾರರಿಗೆ ಸಿಗೋ ನೆನಪಿನ ಉಂಗುರ), ಬಾಸ್ಟನ್‌ನೋರ ಕಣ್ಣಿಗೆ ಬಿದ್ರೆ ಅದೇ ಆಟ ಆಡಿ ಬರಿಗೈ.

ಈ ಕಾಲದ ದೊಡ್ಡ ಉದಾಹರಣೆ ಅಂತ ಎಲ್ಲರೂ ಹೇಳೋದು ಕ್ಲೋಡ್ ಪ್ರೊವೋ. ಮಾಂಟ್ರಿಯಲ್ ಜೊತೆ ಒಂಬತ್ತು ಕಪ್, 1956ರಿಂದ 60ರ ತನಕ ಸತತ ಐದು, ಆಮೇಲೆ 65, 66, 68, 69. ಇವನಿಗಿಂತ ಜಾಸ್ತಿ ಗೆದ್ದಿರೋ ಆಟಗಾರರು ಮೂರೇ ಜನ, ಆನ್ರಿ ರಿಚರ್ಡ್ 11, ಜಾನ್ ಬೆಲಿವೋ 10, ಇವಾನ್ ಕೂರ್ನ್ವಾಯೆ 10. ಆದ್ರೆ ಪ್ರೊವೋನ ಸಾಧಾರಣ ಅಂತ ಕರೆಯೋದು ನನ್ನ ಪ್ರಕಾರ ಅನ್ಯಾಯ. ಅವನ ಡ್ಯೂಟಿ ಎದುರಾಳಿ ಟೀಮ್‌ನ ಅತಿ ಅಪಾಯಕಾರಿ ಆಟಗಾರನಿಗೆ ಅಂಟ್ಕೊಂಡಿರೋದು, ಶಿಕಾಗೊದ ಬಾಬಿ ಹಲ್ ಬಂದ್ರೆ ಪ್ರೊವೋ ಅವನ ಹಿಂದೆ. ಹಲ್ ಗೋಲು ಹೊಡೀಲಿಲ್ಲ ಅಂದ್ರೆ ಅದು ಯಾವ ಸ್ಕೋರ್‌ಶೀಟಲ್ಲೂ ಪ್ರೊವೋ ಹೆಸರಿಗೆ ಬರಲ್ಲವಲ್ಲ, ಹಾಗಾಗಿ ಪುಸ್ತಕ ತೆಗೆದು ನೋಡೋರಿಗೆ ಇವನು ಪುಕ್ಕಟೆ ಸವಾರಿ ಮಾಡಿದ ಹಾಗೆ ಕಾಣ್ತಾನೆ.

ಹಿಲ್‌ಮನ್ ಕಥೆ ಬೇರೆ. 1955ರಲ್ಲಿ ಡೆಟ್ರಾಯ್ಟ್ ಜೊತೆ ಗೆದ್ದಾಗ ಅವನಿಗೆ 18 ವರ್ಷ, ಕಪ್ ಮೇಲೆ ಹೆಸರು ಕೆತ್ತಿಸಿಕೊಂಡ ಅತಿ ಚಿಕ್ಕ ವಯಸ್ಸಿನ ಆಟಗಾರ. ಆಮೇಲೆ ಟೊರಾಂಟೊ ಜೊತೆ 62, 63, 64, 67, ಕೊನೆಗೆ 69ರಲ್ಲಿ ಮಾಂಟ್ರಿಯಲ್. ಸುಮಾರು ಹೊತ್ತು ಅವನು ಮೈನರ್ ಲೀಗ್‌ಗೂ ಮೇಲಕ್ಕೂ ಓಡಾಡ್ಕೊಂಡಿದ್ದ, ಗಾಯ ಆದವರ ಜಾಗಕ್ಕೆ ಬರೋನು. 1967ರಲ್ಲಿ ಮಾತ್ರ ನಿಜವಾಗ್ಲೂ ಚೆನ್ನಾಗಿ ಆಡಿದ, ಆಡಿ ಸಂಬಳ ಜಾಸ್ತಿ ಕೇಳಿದ, ಕೋಚ್ ಪಂಚ್ ಇಮ್ಲಾಕ್ ಕೊಡಲ್ಲ ಅಂದ. ಸಿಟ್ಟಿಗೆದ್ದ ಹಿಲ್‌ಮನ್ ಟೀಮ್‌ಗೆ ಶಾಪ ಹಾಕ್ದ ಅಂತ ಟೊರಾಂಟೊ ಫ್ಯಾನ್‌ಗಳು ಇವತ್ತಿಗೂ ಹೇಳ್ಕೋತಾರೆ, ಅಲ್ಲಿಂದೀಚೆ ಆ ಊರಿಗೆ ಒಂದೂ ಕಪ್ ಬಂದಿಲ್ಲ ಅನ್ನೋದಂತೂ ದಾಖಲೆಯಲ್ಲೇ ಇದೆ. (ಶಾಪಕ್ಕಿಂತ ಮ್ಯಾನೇಜ್‌ಮೆಂಟ್ ಕೈವಾಡ ಜಾಸ್ತಿ ಅಂತ ನನ್ನ ಅನುಮಾನ.)

ಆಲ್ ಆರ್ಬರ್‌ನ ಬಿಡಂಗಿಲ್ಲ. ಕನ್ನಡಕ ಹಾಕ್ಕೊಂಡು ಐಸ್ ಮೇಲೆ ಇಳೀತಿದ್ದ ಡಿಫೆನ್ಸ್‌ಮನ್, 626 ಪಂದ್ಯದಲ್ಲಿ 12 ಗೋಲು. ಹನ್ನೆರಡು! ಆದ್ರೂ ಆಟಗಾರನಾಗಿ ಡೆಟ್ರಾಯ್ಟ್, ಶಿಕಾಗೊ, ಟೊರಾಂಟೊ ಮೂರೂ ಕಡೆ ಕಪ್ ಗೆದ್ದ, ಆಮೇಲೆ ನ್ಯೂಯಾರ್ಕ್ ಐಲ್ಯಾಂಡರ್ಸ್ ಕೋಚ್ ಆಗಿ 1980ರಿಂದ 83ರ ತನಕ ಸತತ ನಾಲ್ಕು ಗೆಲ್ಸಿದ. ಬೆಂಚಲ್ಲಿ ಜಾಸ್ತಿ ಹೊತ್ತು ಕೂತೋನಿಗೆ ಆಟ ಚೆನ್ನಾಗಿ ಕಾಣ್ಸತ್ತೋ ಏನೋ.

1967ರಲ್ಲಿ ಲೀಗ್ ಒಂದೇ ಏಟಿಗೆ 12 ಟೀಮ್ ಆಯ್ತು, ಇನ್ಮೇಲೆ ಹಿಂಗೆಲ್ಲ ಆಗಲ್ಲ ಅನ್ಕೊಂಡ್ರೆ ಎಪ್ಪತ್ತು-ಎಂಬತ್ತರಲ್ಲಿ ಸಾಮ್ರಾಜ್ಯಗಳೇ ಬಂದ್ವು. ಮಾಂಟ್ರಿಯಲ್ 1976ರಿಂದ 79 ನಾಲ್ಕು, ಐಲ್ಯಾಂಡರ್ಸ್ ನಾಲ್ಕು, ಎಡ್ಮಂಟನ್ ಆಯ್ಲರ್ಸ್ 84ರಿಂದ 90ರೊಳಗೆ ಐದು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು ಅಂತಾರಲ್ಲ, ಆ ನಾರುಗಳ ಪಟ್ಟಿ ಇಲ್ಲಿ ಉದ್ದ ಇದೆ. ಮಾಂಟ್ರಿಯಲ್‌ನ ಎರಡನೇ ಗೋಲ್‌ಕೀಪರ್ ಮಿಶೆಲ್ ಲಾರಾಕ್ ನಾಲ್ಕು ಕಪ್ ಗೆದ್ದ, ಮುಂದೆ ಕೆನ್ ಡ್ರೈಡನ್ ಇದ್ದಿದ್ರಿಂದ ಪ್ಲೇಆಫ್‌ನಲ್ಲಿ ಅವನಿಗೆ ಕೆಲಸನೇ ಇರ್ತಿರಲಿಲ್ಲ. 1979ರ ಫೈನಲ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ವಿರುದ್ಧ ಮೊದಲ ಪಂದ್ಯ ಸೋತು ಡ್ರೈಡನ್ ಸಪ್ಪೆ ಆದಾಗ ಕೋಚ್ ಸ್ಕಾಟಿ ಬೋಮನ್ ಎರಡನೇ ಪಂದ್ಯಕ್ಕೆ ಲಾರಾಕ್‌ನ ಇಳಿಸ್ತೀನಿ ಅಂದ. ಸರಿ, ಲಾರಾಕ್ ಪ್ಯಾಡ್ ಕಟ್ಕೊಂಡು ವಾರ್ಮ್‌ಅಪ್‌ಗೆ ಹೋದ, ಅಲ್ಲಿ ತಮ್ಮದೇ ಟೀಮ್‌ನ ಡಗ್ ರೈಸ್‌ಬ್ರೋ ಹೊಡೆದ ಪಕ್ಕು (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ನೇರ ಬಂದು ಅವನ ಮಾಸ್ಕ್‌ಗೆ ಬಡೀತು. ತಲೆ ಗಿರ್ ಅಂದು ಕೂತ. ಮತ್ತೆ ಡ್ರೈಡನ್ನೇ ನಿಂತ, ಮಾಂಟ್ರಿಯಲ್ ಆ ಪಂದ್ಯನೂ ಆಮೇಲಿನ ಮೂರೂ ಗೆದ್ದು ಕಪ್ ಎತ್ತಿತು. ಲಾರಾಕ್‌ಗೂ ಉಂಗುರ ಸಿಕ್ತು, ಆದ್ರೆ ಫೈನಲ್‌ನಲ್ಲಿ ನಿಲ್ಲೋ ಆ ಒಂದು ಅವಕಾಶ ವಾರ್ಮ್‌ಅಪ್ಪಲ್ಲೇ ಹೋಯ್ತು.

ಬಿಲ್ಲಿ ಕ್ಯಾರಲ್ ಇನ್ನೂ ಮಜಾ. ಐಲ್ಯಾಂಡರ್ಸ್‌ನಲ್ಲಿ 81, 82, 83 ಮೂರು ಗೆದ್ದ, ಆಮೇಲೆ ಅವರನ್ನ ಕೆಳಗಿಳಿಸಿದ ಆಯ್ಲರ್ಸ್‌ಗೇ ಹೋಗಿ 85ರಲ್ಲಿ ನಾಲ್ಕನೇದು. ಪೆನಾಲ್ಟಿ ಕಿಲ್ ಮಾಡೋದು (ತಮ್ಮೋನೊಬ್ಬ ಶಿಕ್ಷೆಯಾಗಿ ಹೊರಗೆ ಕೂತಾಗ ಎದುರಾಳಿಗೆ ಗೋಲು ಬಿಡದೆ ತಡೆಯೋದು) ಬಿಟ್ರೆ ಅವನಿಂದ ಯಾರೂ ಏನೂ ನಿರೀಕ್ಷೆ ಮಾಡ್ತಿರಲಿಲ್ಲ. ಆಯ್ಲರ್ಸ್‌ನ ರ‍್ಯಾಂಡಿ ಗ್ರೆಗ್ ಓದಿದ್ದು ಎಂಬಿಬಿಎಸ್ ಥರದ್ದು, ನಿಜವಾದ ಡಾಕ್ಟರ್, ಐದು ಕಪ್ ಗೆದ್ದು ಆಮೇಲೆ ಪ್ರಾಕ್ಟೀಸ್‌ಗೆ ಹೋದ. ಕೆವಿನ್ ಮೆಕ್ಲೆಲಂಡ್ ಜಗಳ ಕಾಯೋಕೆ ಇದ್ದ ಫೋರ್ತ್ ಲೈನ್ ಆಳು, ನಾಲ್ಕು ಕಪ್. ಆದ್ರೆ 1984ರ ಫೈನಲ್ ಮೊದಲ ಪಂದ್ಯ ನೋಡಿ, ಹಿಂದಿನ ವರ್ಷ ಇದೇ ಐಲ್ಯಾಂಡರ್ಸ್ ಆಯ್ಲರ್ಸ್‌ನ 4-0 ಗುಡಿಸಿ ಹಾಕಿದ್ರು, ಗ್ರೆಟ್ಸ್‌ಕಿ, ಮೆಸಿಯೇ, ಕುರ‍್ರಿ ಎಲ್ಲರೂ ಇದ್ದ ಟೀಮ್‌ಗೆ ಆ ರಾತ್ರಿ ಸಿಕ್ಕಿದ್ದು ಒಂದೇ ಗೋಲು, ಅದನ್ನ ಹೊಡೆದಿದ್ದು ಮೆಕ್ಲೆಲಂಡ್. 1-0. ಅಲ್ಲಿಂದ ಐಲ್ಯಾಂಡರ್ಸ್ ಯುಗ ಮುಗೀತು. ಇಂಥಾ ಒಂದು ಗೋಲಿಗೆ ನಾಲ್ಕು ಉಂಗುರ ಜಾಸ್ತಿ ಆಯ್ತಾ ಅಂದ್ರೆ, ಆಗಿರಬಹುದು, ಆದ್ರೆ ಆ ಒಂದು ಗೋಲು ಬಿದ್ದಿಲ್ಲ ಅಂದಿದ್ರೆ?

ಕೆಲವರದ್ದು ಐಸ್ ಮೇಲಿನ ಕೆಲಸಾನೇ ಅಲ್ಲ. ಯಿರಿ ಹರ್ಡಿನಾ ಚೆಕ್ ದೇಶದಿಂದ ಮೂವತ್ತರ ಹತ್ತಿರ ಬಂದೋನು, 89ರಲ್ಲಿ ಕ್ಯಾಲ್ಗರಿ ಜೊತೆ ಗೆದ್ದ. 1990ರ ಡಿಸೆಂಬರಲ್ಲಿ ಪಿಟ್ಸ್‌ಬರ್ಗ್ ಅವನನ್ನ ತಂತು, ಕಾರಣ ಅಲ್ಲಿ ಯಾರೊಮಿರ್ ಯಾಗರ್ ಅನ್ನೋ 18ರ ಹುಡುಗ ಇಂಗ್ಲಿಷ್ ಬರದೆ, ಮಾತಾಡೋಕೆ ಯಾರೂ ಇಲ್ಲದೆ ಒದ್ದಾಡ್ತಿದ್ದ. ಅವನ ಭಾಷೆ ಮಾತಾಡೋ ಒಬ್ಬ ಜೊತೆಗಿರಲಿ ಅಂತ ಹರ್ಡಿನಾ. ಯಾಗರ್ ಅರಳಿದ, ಪಿಟ್ಸ್‌ಬರ್ಗ್ 91, 92 ಎರಡೂ ಗೆದ್ದಿತು, ಹರ್ಡಿನಾ ಐದು ವರ್ಷಕ್ಕೂ ಕಮ್ಮಿ ಎನ್‌ಎಚ್‌ಎಲ್ ಆಡಿ ಮೂರು ಉಂಗುರ ಹಾಕ್ಕೊಂಡು ರಿಟೈರ್ ಆದ. ಯಾವ ಅಂಕಿಅಂಶದಲ್ಲಿ ಹುಡುಕ್ತೀರಾ ಇದನ್ನ?

ತೊಂಬತ್ತರ ಡೆಟ್ರಾಯ್ಟ್‌ನೋರು ಇದನ್ನೇ ಒಂದು ಪ್ಲಾನ್ ಮಾಡ್ಕೊಂಡ್ರು. ಕ್ರಿಸ್ ಡ್ರೇಪರ್‌ನ 1993ರಲ್ಲಿ ವಿನಿಪೆಗ್‌ನಿಂದ ತಂದಿದ್ದು ಒಂದು ಡಾಲರ್‌ಗೆ. ತಮಾಷೆ ಅಲ್ಲ, ಒಂದೇ ಡಾಲರ್. ಜೋ ಕೋಸರ್ ಅಂತೂ ವಾರಾಂತ್ಯದಲ್ಲಿ ಬಿಯರ್ ಕುಡ್ಕೊಂಡು ಆಡೋ ಹವ್ಯಾಸಿ ಲೀಗ್‌ಗೆ ಇಳಿದಿದ್ದ, ಅಲ್ಲಿಂದ ಕರ್ಕೊಂಡು ಬಂದ್ರು, ಅವನ ಹತ್ರ ಆಗ್ಲೇ 94ರ ರೇಂಜರ್ಸ್ ಉಂಗುರ ಇತ್ತು. ಇವರ ಜೊತೆ ಕರ್ಕ್ ಮಾಲ್ಟ್‌ಬಿ, ಆಮೇಲೆ ಡ್ಯಾರನ್ ಮೆಕಾರ್ಟಿ, ಇದಕ್ಕೆ ಗ್ರೈಂಡ್ ಲೈನ್ ಅಂತ ಹೆಸರು. 1997ರ ಫೈನಲ್ ಮೊದಲ ಪಂದ್ಯದಲ್ಲಿ ಫಿಲಡೆಲ್ಫಿಯಾ ಮೇಲೆ ಮೊದಲ ಎರಡು ಗೋಲು ಮಾಲ್ಟ್‌ಬಿದು, ಕೋಸರ್‌ದು. ಸ್ಟಾರ್‌ಗಳಾದ ಫೆಡರಾವ್, ಐಸರ್‌ಮನ್ ಆಮೇಲೆ ಬಂದ್ರು. ಡ್ರೇಪರ್, ಮಾಲ್ಟ್‌ಬಿ ಇಬ್ಬರಿಗೂ ನಾಲ್ಕು ನಾಲ್ಕು ಕಪ್, ಒಂದು ಡಾಲರ್ ಡ್ರೇಪರ್ 2004ರಲ್ಲಿ ಲೀಗ್‌ನ ಬೆಸ್ಟ್ ಡಿಫೆನ್ಸಿವ್ ಫಾರ್ವರ್ಡ್‌ಗೆ ಕೊಡೋ ಸೆಲ್ಕಿ ಟ್ರೋಫಿನೂ ತಗೊಂಡ. ಆ ಹೊತ್ತಿಗೆ ಸಾಧಾರಣ ಅನ್ನೋ ಪದ ಅವನಿಗೆ ಒಗ್ಗಲ್ಲ ಬಿಡಿ.

ಅಲ್ಲೀವರೆಗೆ ದುಡ್ಡಿದ್ದ ಟೀಮ್ ಸ್ಟಾರ್‌ನೂ ಕೊಳ್ಳಬಹುದಿತ್ತು, ಒಳ್ಳೆ ಫೋರ್ತ್ ಲೈನ್‌ನೂ ಇಟ್ಕೋಬಹುದಿತ್ತು. 2005ರಲ್ಲಿ ಸ್ಯಾಲರಿ ಕ್ಯಾಪ್ ಬಂತು, ಮೊದಲ ವರ್ಷ ಟೀಮ್‌ಗೆ 39 ಮಿಲಿಯನ್ ಡಾಲರ್ ಮಿತಿ, ಅದರ ಮೇಲೆ ಒಂದು ಪೈಸೆ ಇಲ್ಲ. ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಿರುವು ಇದೇ, ಯಾಕಂದ್ರೆ ಇಲ್ಲಿಂದ ಸಾಧಾರಣ ಆಟಗಾರನ ಬೆಲೆ ಅವನ ಆಟಕ್ಕಿಂತ ಅವನ ಸಂಬಳದಲ್ಲಿರತ್ತೆ. ಅಗ್ಗಕ್ಕೆ ಸಿಕ್ಕಿದ್ರೆ ವರ, ದುಬಾರಿಗೆ ತಗೊಂಡ್ರೆ ಶನಿ.

ಶಿಕಾಗೊ ನೋಡಿ. 2013ರ ಫೈನಲ್ ಆರನೇ ಪಂದ್ಯ, ಬಾಸ್ಟನ್‌ನಲ್ಲಿ, ಶಿಕಾಗೊ 1-2 ಹಿಂದೆ, ಎಲ್ಲರೂ ಏಳನೇ ಪಂದ್ಯಕ್ಕೆ ಟಿಕೆಟ್ ನೋಡ್ತಿದ್ರು. 1 ನಿಮಿಷ 16 ಸೆಕೆಂಡ್ ಉಳಿದಿರೋವಾಗ ಬ್ರಯನ್ ಬಿಕೆಲ್ ಗೋಲು, 2-2. ಹದಿನೇಳು ಸೆಕೆಂಡ್ ಆದ್ಮೇಲೆ, ಬಾಸ್ಟನ್‌ನೋರು ಇನ್ನೂ ಏನಾಯ್ತು ಅಂತ ನೋಡೋದ್ರೊಳಗೆ, ಡೇವ್ ಬೋಲಂಡ್ ಇನ್ನೊಂದು. 3-2, ಕಪ್. ಇಬ್ಬರೂ ಟೊವ್ಸ್-ಕೇನ್ ಥರ ಸ್ಟಾರ್‌ಗಳಲ್ಲ, ಕೆಳಗಿನ ಲೈನ್‌ನೋರು. ಆ ಬೇಸಿಗೆ ಬಿಕೆಲ್‌ಗೆ ನಾಲ್ಕು ವರ್ಷಕ್ಕೆ 16 ಮಿಲಿಯನ್ ಡಾಲರ್. ಬೋಲಂಡ್‌ಗೆ ಮುಂದಿನ ವರ್ಷ ಫ್ಲೋರಿಡಾ ಐದು ವರ್ಷಕ್ಕೆ 27.5 ಮಿಲಿಯನ್ ಕೊಡ್ತು, ಆ ಮಧ್ಯೆ ಟೊರಾಂಟೊದಲ್ಲಿ ಗಾಯ ಮಾಡ್ಕೊಂಡು ಬರೀ 23 ಪಂದ್ಯ ಆಡಿದ್ದ ಅನ್ನೋದು ಗೊತ್ತಿದ್ದೂ! ಎರಡೂ ಕಾಂಟ್ರಾಕ್ಟ್ ಟೀಮ್‌ಗಳ ಕುತ್ತಿಗೆಗೆ ಬಿತ್ತು. ಬೋಲಂಡ್ ಗಾಯದಿಂದ ಏಳಲೇ ಇಲ್ಲ, ಅವನ ಕಾಂಟ್ರಾಕ್ಟ್ ತಗೊಳ್ಳಿ ಅಂತ ಅರಿಜೋನಾಗೆ ಫ್ಲೋರಿಡಾ ತನ್ನ ಎಳೆ ಹುಡುಗ ಲಾಸನ್ ಕ್ರೌಸ್‌ನ ಜೊತೆಗೆ ಕೊಡಬೇಕಾಯ್ತು. ಶಿಕಾಗೊನೂ ಬಿಕೆಲ್ ಭಾರ ಇಳಿಸೋಕೆ ಟ್ಯೂವೊ ತೆರವೈನೆನ್ ಥರ ಒಳ್ಳೆ ಹುಡುಗನ್ನ ಕ್ಯಾರೊಲೈನಾಗೆ ಬಿಟ್ಟುಕೊಟ್ಟಿತು. ಬಿಕೆಲ್ ಆಟ ಯಾಕೆ ಬಿದ್ದುಹೋಯ್ತು ಅನ್ನೋದಕ್ಕೆ ಆಮೇಲೆ ಒಂದು ಉತ್ತರ ಸಿಕ್ತು, 2016ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ ಅಂತ ಪತ್ತೆ ಆಯ್ತು, ಪಾಪ, ಅವನನ್ನ ಬೈದೋರೆಲ್ಲ ಸುಮ್ಮನಾದ್ರು. ಆದ್ರೂ ಒಂದು ಒಳ್ಳೆ ಪ್ಲೇಆಫ್ ನೋಡಿ ನಾಲ್ಕು ವರ್ಷದ ದುಡ್ಡು ಕೊಡೋ ಮ್ಯಾನೇಜರ್‌ಗಳ ಲೆಕ್ಕ ಆಗಲೂ ತಪ್ಪೇ.

ಇದರ ಪಕ್ಕ ಪ್ಯಾಟ್ ಮರೂನ್‌ನ ಇಡಿ. 2007ರ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳೋದು) 161ನೇಯವನು, ದಪ್ಪ, ನಿಧಾನ, ಸ್ಕೇಟಿಂಗ್ ನೋಡಿದ್ರೆ ಇವನು ಎನ್‌ಎಚ್‌ಎಲ್ಲಾ ಅನ್ಸತ್ತೆ. ಎಡ್ಮಂಟನ್‌ನಲ್ಲಿ ಸೂಪರ್‌ಸ್ಟಾರ್ ಕಾನರ್ ಮೆಕ್‌ಡೇವಿಡ್ ಪಕ್ಕ ಆಡಿ ಒಂದು ಸೀಸನ್ 27 ಗೋಲು ಹೊಡೆದ, ಆಗ ಕಪ್ ಬರಲಿಲ್ಲ. ಆಮೇಲೆ ಹುಟ್ಟೂರು ಸೇಂಟ್ ಲೂಯಿಸ್‌ಗೆ ಬಂದ, ಆ ಟೀಮ್ 2019ರ ಜನವರಿ ಶುರುವಲ್ಲಿ ಇಡೀ ಲೀಗ್‌ಗೆ ಕೊನೇದು. ಅಲ್ಲಿಂದ ಎದ್ದು ಪ್ಲೇಆಫ್‌ಗೆ ಬಂದು ಎರಡನೇ ರೌಂಡ್‌ನಲ್ಲಿ ಡಲ್ಲಾಸ್ ವಿರುದ್ಧ ಏಳನೇ ಪಂದ್ಯ, ಎರಡನೇ ಓವರ್‌ಟೈಮ್. ಡಲ್ಲಾಸ್ ಗೋಲ್‌ಕೀಪರ್ ಬೆನ್ ಬಿಷಪ್, ಅವನೂ ಅದೇ ಊರಲ್ಲಿ ಬೆಳೆದೋನೇ, ಆ ರಾತ್ರಿ 52 ಶಾಟ್ ತಡೆದಿದ್ದ. ರಾಬರ್ಟ್ ಥಾಮಸ್ ಹೊಡೆದ ಪಕ್ಕು ಗೋಲ್‌ಪೋಸ್ಟ್‌ಗೆ ಬಡಿದು, ವಾಪಸ್ ಬಂದು ಬಿಷಪ್ ತಲೆ ಹಿಂಭಾಗಕ್ಕೆ ತಾಗಿ, ಅವನಿಗೇ ಗೊತ್ತಾಗದ ಹಾಗೆ ಬೆನ್ನ ಹಿಂದೆ ಬಿತ್ತು. ಅಲ್ಲಿ ನಿಂತಿದ್ದೋನು ಮರೂನ್, ಸ್ಟಿಕ್‌ನಲ್ಲಿ ಒಂದು ಚೂರು ತಳ್ಳಿದ. ಪಕ್ಕು ಅಲ್ಲಿ ಬಿದ್ದಿದ್ದು ಅದೃಷ್ಟ, ಆದ್ರೆ ಡಿಫೆನ್ಸ್‌ಮನ್‌ಗಳ ಹತ್ರ ಬೆನ್ನಿಗೆ ಗುದ್ದಿಸ್ಕೊಂಡು ರಾತ್ರಿಯಿಡೀ ಆ ಜಾಗದಲ್ಲಿ ನಿಲ್ಲೋದು ಅವನ ನೌಕರಿ. ಸೇಂಟ್ ಲೂಯಿಸ್‌ಗೆ ಅದು ಮೊಟ್ಟಮೊದಲ ಕಪ್.

ಅದಾದ್ಮೇಲೆ ಮರೂನ್‌ಗೆ ಯಾರೂ ಬೋಲಂಡ್ ಥರ ದುಡ್ಡು ಸುರೀಲಿಲ್ಲ. ಟ್ಯಾಂಪಾ 9 ಲಕ್ಷ ಡಾಲರ್‌ಗೆ ತಗೊಂಡ್ತು, ಕುಚೆರಾವ್, ಬ್ರೇಡನ್ ಪಾಯಿಂಟ್, ಹೆಡ್ಮನ್ ಥರ ಸ್ಟಾರ್‌ಗಳಿಗೆಲ್ಲ ಕೊಟ್ಟು ಉಳಿದ ಚಿಲ್ಲರೆಯಲ್ಲಿ. 2020, 2021 ಎರಡೂ ಕಪ್ ಟ್ಯಾಂಪಾಕ್ಕೆ. 1980-83ರ ಐಲ್ಯಾಂಡರ್ಸ್ ಆದ್ಮೇಲೆ ಸತತ ಮೂರು ವರ್ಷ ಗೆದ್ದ ಆಟಗಾರ ಇವನೊಬ್ಬನೇ. ಇದೇ ಹೊತ್ತಲ್ಲಿ ಕೋರಿ ಪೆರಿ ಕಥೆ ನೋಡಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. 2011ರಲ್ಲಿ ಲೀಗ್‌ನ ಎಂವಿಪಿ, 50 ಗೋಲು, ಎರಡು ಒಲಿಂಪಿಕ್ ಚಿನ್ನ, 2007ರಲ್ಲಿ ಒಂದು ಕಪ್. 2020ರಲ್ಲಿ ಡಲ್ಲಾಸ್ ಜೊತೆ ಫೈನಲ್‌ಗೆ ಬಂದ, ಟ್ಯಾಂಪಾ ಹೊಡೀತು. 21ರಲ್ಲಿ ಮಾಂಟ್ರಿಯಲ್ ಜೊತೆ ಬಂದ, ಮತ್ತೆ ಟ್ಯಾಂಪಾ. ಸಾಕಾಯ್ತು ಅಂತ ಟ್ಯಾಂಪಾಗೇ ಸೇರ್ಕೊಂಡ, 22ರಲ್ಲಿ ಟ್ಯಾಂಪಾನ ಕೊಲೊರಾಡೊ ಸೋಲಿಸ್ತು. ಆಮೇಲೆ ಎಡ್ಮಂಟನ್ ಜೊತೆ 24, 25, ಎರಡೂ ಫ್ಲೋರಿಡಾ ಕೈಲಿ. ಉಂಗುರ ಎಣಿಸಿ ಮರೂನ್ ಪೆರಿಗಿಂತ ಮೂರು ಪಾಲು ದೊಡ್ಡೋನು ಅಂತ ಯಾರಾದ್ರೂ ಅಂದ್ರೆ ಮರೂನೇ ನಗ್ತಾನೇನೋ.

"ಗೆಲ್ಲೋದು ಗೊತ್ತಿರೋನು" ಅನ್ನೋ ಮಾತಿನ ತೊಂದರೆನೂ ಇಲ್ಲೇ ಇರೋದು. ಮೂರು ಕಪ್ ಗೆದ್ದ ಫೋರ್ತ್ ಲೈನರ್‌ನ ನಾವು ನೆನಪಿಟ್ಕೋತೀವಿ, ಅದೇ ಥರ ಬೆನ್ನಿಗೆ ಗುದ್ದಿಸ್ಕೊಂಡು ಅದೇ ಹತ್ತು ನಿಮಿಷ ಆಡಿ ಒಂದೂ ಗೆಲ್ಲದೆ ಮನೆಗೆ ಹೋದ ನೂರಾರು ಜನರ ಹೆಸರು ಯಾರಿಗೂ ಗೊತ್ತಿಲ್ಲ. ಅವರಿಗೆ ಗೆಲ್ಲೋದು ಗೊತ್ತಿರಲಿಲ್ವಾ? ಆ ಎರಡು ವರ್ಷ ಟ್ಯಾಂಪಾದ ಬ್ಯಾಕಪ್ ಗೋಲ್‌ಕೀಪರ್ ಕರ್ಟಿಸ್ ಮೆಕೆಲ್‌ಹಿನಿ, ಪ್ಲೇಆಫ್‌ನ ಪ್ರತಿ ಪಂದ್ಯಕ್ಕೂ ವಾಸಿಲೆವ್‌ಸ್ಕಿಯೇ ಇಳಿದ, ಮೆಕೆಲ್‌ಹಿನಿಗೂ ಎರಡು ಕಪ್. ಬೆಂಚಿನ ಬಾಗಿಲು ತೆಗೆದು ಮುಚ್ಚೋದ್ರಲ್ಲಿ ಯಾವ ಗೆಲ್ಲೋ ಗುಟ್ಟು ಇರತ್ತೆ ಹೇಳಿ.

ಹಾಗಂತ ಟೀಮ್‌ನಿಂದ ಟೀಮ್‌ಗೆ ಹೋಗಿ ಗೆದ್ದೋರನ್ನೂ ಅದೇ ಸಾಲಿಗೆ ಸೇರಿಸೋಕೆ ಮನಸ್ಸು ಬರಲ್ಲ. ಮೈಕ್ ಕೀನ್‌ನ ಡ್ರಾಫ್ಟ್‌ನಲ್ಲಿ ಯಾರೂ ಮುಟ್ಟಿರಲಿಲ್ಲ, 93ರಲ್ಲಿ ಮಾಂಟ್ರಿಯಲ್, 96ರಲ್ಲಿ ಕೊಲೊರಾಡೊ, 99ರಲ್ಲಿ ಡಲ್ಲಾಸ್, ಮೂರು ಊರು ಮೂರು ಕಪ್. ಕೊಲೊರಾಡೊಗೆ ಅವನು ಹೋಗಿದ್ದು ಹೆಸರಾಂತ ಗೋಲ್‌ಕೀಪರ್ ಪ್ಯಾಟ್ರಿಕ್ ರಾಯ್ ಜೊತೆ ಒಂದೇ ಟ್ರೇಡಲ್ಲಿ, ಸುದ್ದಿಯೆಲ್ಲ ರಾಯ್‌ದೇ, ಆದ್ರೆ ಹೊರಡೋವಾಗ ಕೀನ್ ಮಾಂಟ್ರಿಯಲ್‌ನ ಕ್ಯಾಪ್ಟನ್ ಆಗಿದ್ದ. ಬುದ್ಧಿವಂತ ಮ್ಯಾನೇಜರ್‌ಗಳು ಕಪ್ ಹತ್ತಿರ ಬಂದಾಗ ಇಂಥೋರನ್ನ ಹುಡುಕ್ಕೊಂಡು ಹೋಗ್ತಾರೆ, ಗೆಲ್ಲೋ ಟೀಮ್‌ಗೆ ಇವರು ಬಂದು ಸೇರ್ತಾರೆ, ಹಾಗಾಗಿ ಇವರು ಬಂದಿದ್ದಕ್ಕೆ ಗೆದ್ರಾ, ಗೆಲ್ಲೋ ಟೀಮ್ ಅಂತ ಇವರು ಬಂದ್ರಾ ಅನ್ನೋದನ್ನ ಬೇರೆ ಬೇರೆ ಮಾಡೋದೇ ಕಷ್ಟ.

ಇದೆಲ್ಲ ಈಗ ಯಾಕೆ ಬಿಸಿ ಚರ್ಚೆ ಅಂದ್ರೆ ಕಾನರ್ ಮೆಕ್‌ಡೇವಿಡ್. 2024ರ ಪ್ಲೇಆಫ್‌ನಲ್ಲಿ 42 ಪಾಯಿಂಟ್ಸ್, ಸೋತ ಟೀಮ್‌ನಲ್ಲಿದ್ದೂ ಬೆಸ್ಟ್ ಪ್ಲೇಯರ್ ಅಂತ ಕಾನ್ ಸ್ಮೈತ್ ಟ್ರೋಫಿ, ಆದ್ರೆ ಫೈನಲ್ ಏಳನೇ ಪಂದ್ಯ 1-2 ಸೋಲು. 2025ರಲ್ಲಿ ಮತ್ತೆ ಅದೇ ಫ್ಲೋರಿಡಾ, ಮತ್ತೆ ಸೋಲು, ಆ ಸಲ ಎಡ್ಮಂಟನ್‌ನ ಮುರಿದಿದ್ದು ಫ್ಲೋರಿಡಾದ ಮೂರನೇ ಲೈನ್, ಅಲ್ಲಿದ್ದ ಬ್ರ್ಯಾಡ್ ಮಾರ್ಶಂಡ್ ಒಬ್ಬನೇ ಫೈನಲ್‌ನಲ್ಲಿ ಆರು ಗೋಲು ಹೊಡೆದ. ಮೂರನೇ ಲೈನಲ್ಲಿ ಅಂಥೋನು ಇದ್ರೆ ಮೆಕ್‌ಡೇವಿಡ್ ಬೆಂಚಲ್ಲಿರೋ ಆ 38 ನಿಮಿಷ ಎಡ್ಮಂಟನ್‌ಗೆ ಹೆಂಗಿರಬೇಕು ಯೋಚಿಸಿ.

ಈಗ ಕ್ಯಾಪ್ ಜೋರಾಗಿ ಏರ್ತಿದೆ, 2025-26ಕ್ಕೆ 95.5 ಮಿಲಿಯನ್, ಮುಂದಿನ ಸೀಸನ್‌ಗೆ 104. ಮಿನೆಸೋಟಾ ಕಿರಿಲ್ ಕಪ್ರಿಜಾವ್‌ಗೆ ವರ್ಷಕ್ಕೆ 17 ಮಿಲಿಯನ್ ಬರೆದುಕೊಟ್ಟಿದೆ. ಮೆಕ್‌ಡೇವಿಡ್ ಎಷ್ಟು ಕೇಳಿದ್ರೂ ಕೊಡ್ತಿದ್ರು, ಅವನು 2025ರ ಅಕ್ಟೋಬರಲ್ಲಿ ಹಳೆ ಸಂಬಳ 12.5 ಮಿಲಿಯನ್‌ಗೇ ಇನ್ನೆರಡು ವರ್ಷ ಸಹಿ ಹಾಕಿದ. ಕಪ್ರಿಜಾವ್ ರೇಟಿಗೆ ಹೋಲಿಸಿದ್ರೆ ವರ್ಷಕ್ಕೆ 4.5 ಮಿಲಿಯನ್ ಟೀಮ್‌ಗೆ ಉಳೀತು, ಕೆಳಗಿನ ಲೈನ್‌ಗಳಿಗೆ ನಾಲ್ಕೈದು ಒಳ್ಳೆ ಆಳು ತರೋವಷ್ಟು. ಆ ದುಡ್ಡನ್ನ ಎಡ್ಮಂಟನ್ ಮ್ಯಾನೇಜ್‌ಮೆಂಟ್ ಇನ್ನೊಬ್ಬ ಬೋಲಂಡ್ ಮೇಲೆ ಸುರಿಯದೆ ಇದ್ರೆ ಸಾಕು.